ಬೋರ್ಡಿಗೆ ಶೇ. 60 ಕನ್ನಡ, ವೇದಿಕೆಗೆ ಬರೀ ಎರಡು ಹಾಡೇ?

ಕನ್ನಡದ ಹುಡುಗ ಹುಡುಗಿಯರೇ,

ಮೊನ್ನೆ ಒಂದು ಶನಿವಾರ ರಾತ್ರಿ ನನ್ನ ಮೆಚ್ಚಿನ ಬ್ಯಾಂಡ್ ಎಷ್ಟೋ ವರ್ಷಗಳ ನಂತರ ಮತ್ತೆ ವೇದಿಕೆ ಹತ್ತಿತು. ಸಿನಿಮಾದವರಲ್ಲ, ಟಿವಿಯವರಲ್ಲ. ಬೆಂಗಳೂರಿನ ನಾಲ್ಕು ಹುಡುಗರು. ತಾವೇ ಬರೆದು, ತಾವೇ ರಾಗ ಕಟ್ಟಿ, ತಾವೇ ಸಾಲ ಮಾಡಿ ಹಾಡುವವರು. 2020ರಲ್ಲಿ ಕೊರೋನಾ ಬಂದು ವೇದಿಕೆಗಳಿಗೆಲ್ಲ ಬೀಗ ಬಿದ್ದಾಗ ಒಬ್ಬ ಗಿಟಾರ್ ಮಾರಿ ಮನೆ ಬಾಡಿಗೆ ಕಟ್ಟಿದ. ಇನ್ನೊಬ್ಬ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದ. ಕಥೆ ಮುಗಿಯಿತು ಅಂದುಕೊಂಡಿದ್ದೆವು. ಮುಗಿದಿರಲಿಲ್ಲ!

ಮೊದಲ ಹಾಡು ಕನ್ನಡದ್ದು. ಜನ ಕುಣಿದರು. ಎರಡನೆಯದೂ ಕನ್ನಡದ್ದೇ. ನನ್ನ ಪಕ್ಕದಲ್ಲಿ ಕನ್ನಡ ಬಾರದ ಹುಡುಗಿಯೊಬ್ಬಳು ಪಲ್ಲವಿಯನ್ನು ತಪ್ಪುತಪ್ಪಾಗಿಯೇ ಕೂಗಿ ಹಾಡುತ್ತಿದ್ದಳು. ಅಷ್ಟರಲ್ಲಿ ಆ ಜಾಗದ ಮ್ಯಾನೇಜರ್ ಬಂದು ಹಾಡುಗಾರನ ಕಿವಿಯಲ್ಲಿ ಏನೋ ಹೇಳಿದ. ಮುಂದಿನ ಹಾಡು ಹಿಂದಿ. ಅದರ ಮುಂದಿನದು ಇಂಗ್ಲಿಷ್. ಕೊನೆಯವರೆಗೂ ಕನ್ನಡ ಮತ್ತೆ ಬರಲಿಲ್ಲ. ಆಮೇಲೆ ಹೊರಗೆ ಟೀ ಅಂಗಡಿಯಲ್ಲಿ ಸಿಕ್ಕ ಹಾಡುಗಾರನನ್ನು ಕೇಳಿದೆ.

"ಕನ್ನಡ ಎರಡು ಸಾಕು, ಎಲ್ಲಾ ಥರದ ಜನ ಬಂದಿದ್ದಾರೆ ಅಂದ್ರು ಮಗಾ. ಮುಂದಿನ ಸಲಾನೂ ಕರೀಬೇಕಲ್ಲ?"

ಎಲ್ಲಾ ಥರದ ಜನ! ಆ ಥರಗಳಲ್ಲಿ ಕನ್ನಡಿಗ ಸೇರಿಲ್ಲವೇ?

ಅದೇ ಜಾಗದ ಹೊರಗೆ ತಲೆಯೆತ್ತಿ ನೋಡಿದರೆ ದೊಡ್ಡ ಕನ್ನಡ ಅಕ್ಷರದ ಬೋರ್ಡು! ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಬೀದಿಗಿಳಿದು ಪಡೆದದ್ದು ಅದು. ಆದರೆ ಬೋರ್ಡು ಹಾಡುವುದಿಲ್ಲ ಗೆಳೆಯರೇ. ಬಾಗಿಲ ಹೊರಗೆ ಕನ್ನಡ, ಬಾಗಿಲ ಒಳಗೆ ಕನ್ನಡಕ್ಕೆ ರೇಷನ್! ಇದು ಯಾವ ಸೀಮೆಯ ನ್ಯಾಯ?

"ಹೊರಗಿನವರಿಗೆ ಅರ್ಥ ಆಗಲ್ಲ" ಎಂಬುದು ಇವರ ಹಳೇ ನೆಪ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದರು. ಕುಣಿದ ಸಾವಿರಾರು ಮಂದಿಯಲ್ಲಿ ಎಷ್ಟು ಜನಕ್ಕೆ ಅಷ್ಟೂ ಪದ ಅರ್ಥವಾಗಿತ್ತು? ಅದೇ 2011ರಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. 2008ರ ಇವರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆ ಶಿಶುನಾಳ ಷರೀಫರ ಪದವೂ ಇತ್ತು. 1819ರಲ್ಲಿ ಹುಟ್ಟಿದ, ಇಂದಿನ ಹಾವೇರಿ ಜಿಲ್ಲೆಯ ಹಳ್ಳಿಯ ಸಂತ ಗಿಟಾರಿನ ಜೊತೆ ದೇಶ ಸುತ್ತಿದ. ಅಂಥ ಪದಕ್ಕೆ ಬೆಂಗಳೂರಿನಲ್ಲಿ ಮಾತ್ರ ಎಣಿಕೆಯೇ?

ಸ್ವರಾತ್ಮ ತಂಡದ 2009ರ ಆಲ್ಬಂ ನೋಡಿ. ಅದರಲ್ಲಿ 'ಈ ಭೂಮಿ' ಎಂಬ ಕನ್ನಡ ಹಾಡಿದೆ, ಸಂತೋಷ. ಆದರೆ ಕಾವೇರಿಯ ಜಗಳದ ಸಂಕಟವನ್ನು ಹೇಳುವ 'ಪ್ಯಾಸಿ' ಹಿಂದಿಯಲ್ಲಿದೆ! ಇದು ಆ ಹುಡುಗರ ಮೇಲಿನ ದೂರಲ್ಲ. ಕಾವೇರಿಯ ದುಃಖವನ್ನು ಹಿಂದಿಯಲ್ಲಿ ಹೇಳಿದರೇ ಹೆಚ್ಚು ಜನ ಕೇಳುತ್ತಾರೆ ಎನ್ನುವ ಮಾರುಕಟ್ಟೆಯನ್ನು ಬೆಳೆಸಿದವರು ಯಾರು ಎಂಬುದು ಪ್ರಶ್ನೆ.

ಉತ್ತರ ಕಹಿಯಾಗಿದೆ. ಬೆಳೆಸಿದವರು ನಾವೇ!

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಕನ್ನಡ ಹಾಡು ಕೇಳಿದ ಹುಡುಗನ ಮೇಲೆ ಹೆಸರಾಂತ ಹಿಂದಿ ಗಾಯಕ ಹರಿಹಾಯ್ದಾಗ ನಾಡೇ ಸಿಡಿದೆದ್ದಿತು. ಆತ ಕ್ಷಮೆ ಕೇಳಬೇಕಾಯಿತು. ಸರಿಯೇ ಆಯಿತು. ಆದರೆ ಮೊನ್ನೆ ಶನಿವಾರ ಮೂರನೆಯ ಹಾಡು ಹಿಂದಿಗೆ ತಿರುಗಿದಾಗ ನಾನೇನು ಮಾಡಿದೆ? ಬಾಯಿ ಮುಚ್ಚಿಕೊಂಡು ನಿಂತೆ. ಪಕ್ಕದವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ! ಆ ಮ್ಯಾನೇಜರ್ ಎಣಿಸಿದ್ದು ನಮ್ಮ ಆ ಮೌನವನ್ನು. ಕೇಳುವವರೇ ಇಲ್ಲದ ಸರಕನ್ನು ಯಾವ ಅಂಗಡಿಯವ ಇಡುತ್ತಾನೆ?

ನವೆಂಬರ್ ಬಂದರೆ ಗಲ್ಲಿಗಲ್ಲಿಯಲ್ಲಿ ಪೆಂಡಾಲು, ಆರ್ಕೆಸ್ಟ್ರಾ, ಅದೇ ಸಿನಿಮಾ ಹಾಡುಗಳು. ಹೊಸ ಕನ್ನಡ ಬ್ಯಾಂಡಿಗೆ ಒಂದು ಗಂಟೆ ಕೊಟ್ಟ ಸಂಘಗಳೆಷ್ಟು? ನಮ್ಮ ಸಂಘಗಳೂ ಎದೆ ಮುಟ್ಟಿಕೊಂಡು ಹೇಳಲಿ. ಪರಭಾಷೆಯ ತಾರೆಗೆ ಸಾವಿರಗಟ್ಟಲೆ ಸುರಿಯುವ ನಾವು, ಕನ್ನಡದ ಹುಡುಗರಿಗೆ ಫೋನ್ ಮಾಡಿ "ಒಂದು ಪಾಸ್ ಇದ್ರೆ ಕೊಡೋ" ಅನ್ನುತ್ತೇವೆ. ನಾನೂ ಅಂದಿದ್ದೇನೆ. ನಾಚಿಕೆಯಾಗಬೇಕು!

2005ರಲ್ಲಿ ಸಿ. ಅಶ್ವಥ್ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಹಾಡಿದಾಗ ಜನಸಾಗರವೇ ಬಂದಿತ್ತು. ಕವಿತೆ ಕೇಳಲು ಬಂದ ಊರು ಇದು! ಕೇಳುವ ಕಿವಿ ಇದೆ. ಕೇಳುತ್ತೇವೆ ಎಂದು ಹೇಳುವ ಬಾಯಿ ಬೇಕು, ಅಷ್ಟೇ.

ಆದ್ದರಿಂದ ಇಂದಿನಿಂದಲೇ ಮೂರು ಕೆಲಸ:

1. ಕನ್ನಡ ಬ್ಯಾಂಡಿನ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡೇ ಹೋಗಿ. ಪಾಸು ಕೇಳಬೇಡಿ.

2. ಕನ್ನಡ ನಿಂತಾಗ "ಕನ್ನಡ ಹಾಡಿ" ಎಂದು ಕೂಗಿ. ಗಲಾಟೆ ಬೇಡ, ಬಾಟಲಿ ಎಸೆಯುವುದು ಬೇಡ. ಹಾಡುವವರು ನಮ್ಮವರು. ನೂರು ಗಂಟಲು ಒಟ್ಟಿಗೆ ಕೂಗಿದರೆ ಮ್ಯಾನೇಜರನ ಲೆಕ್ಕ ತಾನಾಗಿಯೇ ಬದಲಾಗುತ್ತದೆ.

3. ನಿಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಈ ಸಲ ಒಂದು ಹೊಸ ತಂಡಕ್ಕೆ ಜಾಗ ಕೊಡಿಸಿ. ಸಂಭಾವನೆಯನ್ನೂ ಕೊಡಿಸಿ!

ಆ ನಾಲ್ಕು ಹುಡುಗರು ಮತ್ತೆ ಬರುತ್ತಾರೆ. ಬಾಸ್ ಗಿಟಾರ್ ಈಗಲೂ ಬಾಡಿಗೆಯದು. ಈ ಸಲವೂ ಮನೆಗೆ ಕಳಿಸಿದರೆ ಮೂರನೆಯ ಸಲ ಅವರು ಬರಲಾರರು. ನಾನು ಮುಂದಿನ ಸಾಲಿನಲ್ಲಿ ನಿಂತಿರುತ್ತೇನೆ, ಈ ಸಲ ಬಾಯಿ ತೆರೆದು.

ನೀವೆಲ್ಲಿ ನಿಲ್ಲುತ್ತೀರಿ?