‘ಕಾಯು’ ಎಂದರೆ ಏನು?

ನವೋದಯ ವಿದ್ಯಾಲಯದ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಸಿದ್ಧತೆ ಶುರುವಾದರೆ ಸಾಕು, ಮಕ್ಕಳ ಕೈಗೆ ಸಮಾನಾರ್ಥಕ ಪದಗಳ ಉದ್ದನೆಯ ಪಟ್ಟಿ ಬರುತ್ತದೆ. ‘ನೋಡು – ವೀಕ್ಷಿಸು, ಕಾಯು – ನಿರೀಕ್ಷಿಸು’ ಎಂದು ಬೆಳಗ್ಗೆ ಸಂಜೆ ಬಾಯಿಪಾಠ ನಡೆಯುತ್ತದೆ. ಪಟ್ಟಿ ತಪ್ಪಲ್ಲ, ಆದರೆ ಅದಷ್ಟೇ ಸಾಲದು.

ಈ ಪರೀಕ್ಷೆಯ ಭಾಷಾ ವಿಭಾಗದಲ್ಲಿ 20 ಪ್ರಶ್ನೆಗಳಿಗೆ 25 ಅಂಕ. ಗದ್ಯಭಾಗವನ್ನು ಓದಿ, ಕೊಟ್ಟಿರುವ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕು. ಪದದ ಅರ್ಥವನ್ನು ಕೇಳಿದರೂ ಆ ಗದ್ಯಭಾಗದಲ್ಲಿ ಅದಕ್ಕಿರುವ ಅರ್ಥವೇ ಮುಖ್ಯ.

ಮೂರು ವಾಕ್ಯಗಳನ್ನು ಗಮನಿಸಿ: ‘ಅಜ್ಜ ಬಸ್ಸಿಗಾಗಿ ಕಾಯುತ್ತಿದ್ದಾನೆ.’ ‘ನಾಯಿ ಮನೆ ಕಾಯುತ್ತದೆ.’ ‘ಒಲೆಯ ಮೇಲೆ ನೀರು ಕಾಯುತ್ತಿದೆ.’ ಕ್ರಿಯಾಪದ ಒಂದೇ. ಅರ್ಥ ಮಾತ್ರ ಕ್ರಮವಾಗಿ ನಿರೀಕ್ಷಿಸು, ರಕ್ಷಿಸು, ಬಿಸಿಯಾಗು. ಪಟ್ಟಿಯನ್ನೇ ನಂಬಿದ ಮಗು ಮೂರಕ್ಕೂ ‘ನಿರೀಕ್ಷಿಸು’ ಎಂದು ಗುರುತು ಹಾಕಿ ಬರುತ್ತದೆ.

ಇದಕ್ಕೆ ಸುಲಭವಾದ ಪ್ರಯೋಗವೊಂದಿದೆ. ಆರಿಸಿದ ಪದವನ್ನು ಅದೇ ವಾಕ್ಯದಲ್ಲಿಟ್ಟು ಓದಬೇಕು. ‘ನಾಯಿ ಮನೆಯನ್ನು ನಿರೀಕ್ಷಿಸುತ್ತದೆ’ ಎಂದು ಓದಿದ ಕೂಡಲೇ ಮಗುವಿಗೇ ನಗು ಬರುತ್ತದೆ. ಉತ್ತರ ತಪ್ಪೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಪಾಲಕರು ಇದನ್ನು ಅಡುಗೆಮನೆಯಲ್ಲೇ ಕಲಿಸಬಹುದು. ಅಕ್ಕಿ ಬೇಯುತ್ತದೆ, ಸಾರು ಕುದಿಯುತ್ತದೆ, ಹಾಲು ಉಕ್ಕುತ್ತದೆ, ಒಗ್ಗರಣೆ ಸಿಡಿಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಲು ಮಗುವಿಗೆ ಹೇಳಿ. ದಿನಕ್ಕೆ ಐದು ಕ್ರಿಯಾಪದ, ಐದು ಸ್ವಂತ ವಾಕ್ಯ ಸಾಕು.

ಆರನೇ ತರಗತಿಗಾಗಿ ಈ ಪರೀಕ್ಷೆಯನ್ನು ಎರಡನೇ ಬಾರಿ ಬರೆಯಲು ಅವಕಾಶವಿಲ್ಲ. ಒಂದೊಂದು ಪ್ರಶ್ನೆಗೂ ಒಂದೂಕಾಲು ಅಂಕವಿದೆ. ಉರು ಹೊಡೆದ ಪದ ಪರೀಕ್ಷೆಯ ಗಾಬರಿಯಲ್ಲಿ ಮರೆತುಹೋಗಬಹುದು. ಬಳಸಿ ಕಲಿತ ಪದ ಕೈಬಿಡುವುದು ಕಡಿಮೆ.