ಮಕ್ಕಳ ಊಟ ಮುಗಿದ ಮೇಲೆ

ತುಮಕೂರಿಗೆ ಸೇರಿಕೊಂಡಂತಿರುವ ಕ್ಯಾತ್ಸಂದ್ರ ನಾಡಿನ ಜನಕ್ಕೆ ಪರಿಚಯವಾಗಿರುವುದು ಎರಡು ಕಾರಣಕ್ಕೆ. ಒಂದು ಅಲ್ಲಿನ ತಟ್ಟೆ ಇಡ್ಲಿ. ಇನ್ನೊಂದು, ಊರಿನ ಪಕ್ಕದ ಬೆಟ್ಟದ ಬುಡದಲ್ಲಿರುವ ಸಿದ್ಧಗಂಗಾ ಮಠ. ಜಾತಿ ಮತಗಳ ಭೇದವಿಲ್ಲದೆ ಸಾವಿರಾರು ಬಡ ಮಕ್ಕಳು ಆ ಮಠದಲ್ಲಿ ಉಚಿತವಾಗಿ ಉಂಡು, ಓದಿ ಬೆಳೆಯುತ್ತಾರೆ.

2019ರ ಜನವರಿ 21, ಸೋಮವಾರ. ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ ಮಠದ ಹಿರಿಯ ಶ್ರೀಗಳಾದ ಡಾ. ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಆಗ ಅವರಿಗೆ 111 ವರ್ಷ. ಆದರೆ ಸುದ್ದಿಯನ್ನು ತಕ್ಷಣ ಪ್ರಕಟಿಸಲಿಲ್ಲ. ಮಠದ ಮಕ್ಕಳು ಎಂದಿನಂತೆ ಪಂಕ್ತಿಯಲ್ಲಿ ಕುಳಿತರು, ಮಧ್ಯಾಹ್ನದ ಊಟ ಮಾಡಿದರು. ಅದಾದ ಮೇಲೆಯೇ ಲೋಕಕ್ಕೆ ವಿಷಯ ತಿಳಿದದ್ದು. ತಾವು ಹೋದ ಸುದ್ದಿಯನ್ನು ಮಕ್ಕಳ ಊಟ ಆಗುವವರೆಗೆ ಹೇಳಕೂಡದು ಎಂದು ಶ್ರೀಗಳೇ ಮೊದಲು ತಿಳಿಸಿದ್ದರು.

ಮೊದಲೇ ಸುದ್ದಿ ಹೊರಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮಕ್ಕಳು ತಟ್ಟೆ ಬಿಟ್ಟು ಏಳುತ್ತಿದ್ದರು. ಅಳುವ ಮಕ್ಕಳಿಗೆ ಉಣಿಸುವವರು ಯಾರು? ಬಡಿಸುವವರೂ ಅಳುತ್ತಿರುತ್ತಾರಲ್ಲ! ದುಃಖ ಬರುವುದು ಖಚಿತ. ಅದು ಖಾಲಿ ಹೊಟ್ಟೆಯ ಮೇಲೆ ಬರುವುದು ಬೇಡ ಎಂಬುದಷ್ಟೇ ಆ ವೃದ್ಧರ ಲೆಕ್ಕ.

ಈ ಪ್ರಸಂಗವನ್ನು ಜನ ಆಗ ಭಕ್ತಿಯಿಂದ ಹೇಳಿಕೊಂಡರು. ಆದರೆ ಇದರಲ್ಲಿ ಭಕ್ತಿಯ ಜೊತೆಗೆ ಇನ್ನೂ ಒಂದು ವಿಚಾರವಿದೆ. ದೇವರು, ದುಃಖ, ಸಾವು ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಒದ್ದಾಡುವ ಮನಸ್ಸುಗಳಿಗೆ, ಅದರಲ್ಲೂ ಎಳೆಯ ಮನಸ್ಸುಗಳಿಗೆ, ಇದು ಬೇಕಾದ ವಿಚಾರ.

ಮನೆಯಲ್ಲಿ ಸಾವು ಸಂಭವಿಸಿದ ಮೇಲೆ ಮಗು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ: "ದೇವರು ಇದ್ದಿದ್ರೆ ಅಪ್ಪನ್ನ ಯಾಕೆ ಉಳಿಸ್ಲಿಲ್ಲ? ನಾನು ದಿನಾ ಕೈ ಮುಗಿದು ಕೇಳ್ಕೊಂಡಿದ್ನಲ್ಲ?" 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಈ ಪ್ರಶ್ನೆ ಎಷ್ಟು ಮನೆಗಳಲ್ಲಿ ಕೇಳಿಬಂತೋ! ಕೆಲವು ಮಕ್ಕಳಿಗೆ ಹೆತ್ತವರ ಮುಖವನ್ನು ಕೊನೆಯ ಸಲ ನೋಡುವ ಅವಕಾಶವೂ ಸಿಗಲಿಲ್ಲ.

ಇಂಥ ಪ್ರಶ್ನೆಗೆ ಹಿರಿಯರ ಬಳಿ ಕೆಲವು ಸಿದ್ಧ ಉತ್ತರಗಳಿರುತ್ತವೆ. "ಒಳ್ಳೆಯವರನ್ನ ದೇವರು ಬೇಗ ಕರ್ಕೊಂಡುಬಿಡ್ತಾನೆ ಕಣೋ" ಎನ್ನುವುದು ಒಂದು. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಕೇಳಿದ ಹುಡುಗ, ಹಾಗಾದರೆ ಒಳ್ಳೆಯವನಾಗುವುದೇ ಅಪಾಯ ಎಂದುಕೊಳ್ಳುತ್ತಾನೆ. "ಹಿಂದಿನ ಜನ್ಮದ ಕರ್ಮ" ಎನ್ನುವುದು ಇನ್ನೊಂದು. ಕರ್ಮಸಿದ್ಧಾಂತವು ತತ್ತ್ವಶಾಸ್ತ್ರದಲ್ಲಿ ದೊಡ್ಡ ವಿಷಯವೇ ಇರಬಹುದು. ಅಳುತ್ತಿರುವ ಹುಡುಗಿಗೆ ಮಾತ್ರ ಅದು ಕೇಳಿಸುವುದು, ತನ್ನ ಅಮ್ಮ ಏನೋ ತಪ್ಪು ಮಾಡಿದ್ದಳು ಎಂದು. "ತಾತ ಮಲಗಿದ್ದಾರೆ" ಎಂದು ಸಮಾಧಾನ ಹೇಳಿದರೆ ಪುಟ್ಟ ಮಗು ಆ ರಾತ್ರಿಯಿಂದ ನಿದ್ದೆಗೇ ಹೆದರುತ್ತದೆ. "ದೇವರ ವಿಷಯದಲ್ಲಿ ಹೀಗೆಲ್ಲ ಕೇಳಬಾರದು" ಎಂದು ಗದರಿಸಿದರೆ ಮಗು ಕೇಳುವುದನ್ನು ನಿಲ್ಲಿಸುತ್ತದೆ, ಅಷ್ಟೆ. ಪ್ರಶ್ನೆ ಒಳಗೇ ಉಳಿಯುತ್ತದೆ.

ನಮ್ಮ ಪರಂಪರೆಯಲ್ಲಿ ಮಕ್ಕಳು ಹೀಗೆ ಕೇಳಬಾರದು ಎಂದು ಎಲ್ಲಿಯೂ ಇಲ್ಲ. ಕಠೋಪನಿಷತ್ತಿನ ನಚಿಕೇತ ಒಬ್ಬ ಹುಡುಗ. ತಂದೆ ಮುದಿ ಹಸುಗಳನ್ನು ದಾನ ಕೊಡುವುದನ್ನು ಕಂಡು ತಡೆಯಲಾರದೆ, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಮತ್ತೆ ಮತ್ತೆ ಕೇಳಿದ. ಸಿಟ್ಟಾದ ತಂದೆ, ಯಮನಿಗೆ ಕೊಟ್ಟೆ ಎಂದುಬಿಟ್ಟ. ಹುಡುಗ ಹೊರಟೇ ಹೋದ. ಯಮ ಮನೆಯಲ್ಲಿರಲಿಲ್ಲ. ಮೂರು ರಾತ್ರಿ ನಚಿಕೇತ ಉಪವಾಸ ಬಾಗಿಲಲ್ಲಿ ಕಾದ. ಹಿಂತಿರುಗಿದ ಯಮನಿಗೆ ಮೊದಲು ಕಂಡದ್ದು ಹುಡುಗನ ಧೈರ್ಯವಲ್ಲ, ಅವನ ಹಸಿವು. ಅತಿಥಿ ತನ್ನ ಮನೆಯಲ್ಲಿ ಮೂರು ರಾತ್ರಿ ಉಣ್ಣದೆ ಇದ್ದುದು ತಪ್ಪಾಯಿತೆಂದು ಅವನು ಮೂರು ವರ ಕೊಟ್ಟ.

ಸಾವಿನ ಮನೆಯಲ್ಲಿ ನಿಂತ ಹುಡುಗ ಮೊದಲು ಬೇಡಿದ್ದು, ತಂದೆಯ ಮನಸ್ಸು ಶಾಂತವಾಗಲಿ ಎಂದು. ಮೂರನೆಯದಾಗಿ ಕೇಳಿದ್ದು, ಸತ್ತ ಮೇಲೆ ಏನು ಎಂದು. ಇದು ದೇವತೆಗಳಿಗೂ ಸಂದೇಹ ತಂದ ವಿಷಯ, ಬೇರೇನಾದರೂ ಕೇಳು ಎಂದು ಯಮ ಸಂಪತ್ತು, ದೀರ್ಘಾಯುಸ್ಸುಗಳ ಆಸೆ ತೋರಿಸಿದ. ಹುಡುಗ ಬಗ್ಗಲಿಲ್ಲ. ಯಮ ಗದರಲಿಲ್ಲ, ಮೆಚ್ಚಿಕೊಂಡ. ಸಾಕ್ಷಾತ್ ಯಮನೇ ಮಗುವಿನ ಪ್ರಶ್ನೆಯನ್ನು ಗೌರವಿಸಿರುವಾಗ ಮನೆಯ ಹಿರಿಯರು ಗದರಿಸುವುದು ಸರಿಯೆ? "ನನಗೂ ಗೊತ್ತಿಲ್ಲ ಮಗು, ನನಗೂ ಅದೇ ಪ್ರಶ್ನೆ" ಎಂದು ತಾಯಿ ಒಪ್ಪಿಕೊಂಡರೆ ಅವಳ ದೈವಭಕ್ತಿಗೆ ಕುಂದೇನೂ ಬರುವುದಿಲ್ಲ.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಹೇಳಬಹುದು: "111 ವರ್ಷ ಬದುಕಿದವರು ಸಾವಿಗೆ ಹೆದರದಿರುವುದರಲ್ಲಿ ಏನು ಹೆಚ್ಚುಗಾರಿಕೆ? ನಲವತ್ತಕ್ಕೇ ಹೋದವರ ಮಾತು ಹೇಳಿ." ನ್ಯಾಯವಾದ ಮಾತು. ಉತ್ತರಕ್ಕಾಗಿ 1930ಕ್ಕೆ ಹೋಗಬೇಕು.

ಆಗ ಅವರಿನ್ನೂ ಸ್ವಾಮಿಗಳಾಗಿರಲಿಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದ ಹೊನ್ನೇಗೌಡ, ಗಂಗಮ್ಮ ದಂಪತಿಗಳ ಮಗ ಶಿವಣ್ಣ. ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡವರು. ನಾಗವಲ್ಲಿಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಆರಿಸಿಕೊಂಡ ವಿದ್ಯಾರ್ಥಿ. ವಯಸ್ಸು 22. ಸಿದ್ಧಗಂಗೆಯ ಅಂದಿನ ಹಿರಿಯರು ಉದ್ಧಾನ ಶಿವಯೋಗಿಗಳು. ಅವರ ಉತ್ತರಾಧಿಕಾರಿಯಾಗಬೇಕಿದ್ದವರು ಶಿವಣ್ಣನ ಗೆಳೆಯರೇ ಆದ ಮರುಳಾರಾಧ್ಯರು. 1930ರ ಜನವರಿಯಲ್ಲಿ ಆ ಮರುಳಾರಾಧ್ಯರು ತೀರಿಕೊಂಡರು. ಅವರ ಸ್ಥಾನಕ್ಕೆ ಶಿವಯೋಗಿಗಳು ಶಿವಣ್ಣನನ್ನು ಆರಿಸಿದರು. ಆ ವರ್ಷದ ಮಾರ್ಚ್ 3ರಂದು ಕಾಲೇಜು ವಿದ್ಯಾರ್ಥಿ ಶಿವಣ್ಣ ವಿರಕ್ತಾಶ್ರಮಕ್ಕೆ ಸೇರಿ ಶಿವಕುಮಾರ ಸ್ವಾಮಿಗಳಾದರು. 1941ರ ಜನವರಿಯಲ್ಲಿ ಗುರುಗಳೂ ಹೋದರು. ಮಠದ ಪೂರ್ತಿ ಭಾರ ಹೆಗಲಿಗೆ ಬಂತು.

ಇದನ್ನು ಹೇಳುವಾಗ ಒಂದು ತಪ್ಪು ಮಾಡುವ ಸಾಧ್ಯತೆಯಿದೆ. "ಮರುಳಾರಾಧ್ಯರು ಹೋದದ್ದರಿಂದಲೇ ನಾಡಿಗೆ ಶಿವಕುಮಾರ ಸ್ವಾಮಿಗಳು ದೊರೆತರು, ಎಲ್ಲವೂ ದೈವಸಂಕಲ್ಪ" ಎಂದುಬಿಡುವುದು ಸುಲಭ. ಹರೆಯದ ಮಗನನ್ನು ಕಳೆದುಕೊಂಡ ತಾಯಿಯ ಎದುರು ನಿಂತು ಈ ಮಾತು ಹೇಳಲು ಯಾರಿಗಾದರೂ ಬಾಯಿ ಬರುತ್ತದೆಯೆ? ಹಾಗೆ ಹೇಳಲಾಗದ ಮಾತನ್ನು ದೇವರ ಹೆಸರಿನಲ್ಲಿಯೂ ಹೇಳಬಾರದು. ಒಬ್ಬರ ಸಾವು ಇನ್ನೊಬ್ಬರ ಏಳಿಗೆಗೆ ಮೆಟ್ಟಿಲಲ್ಲ. ಮರುಳಾರಾಧ್ಯರು ಅಕಾಲದಲ್ಲಿ ಏಕೆ ಹೋದರು? ಗೊತ್ತಿಲ್ಲ. ಆ ಪ್ರಶ್ನೆಗೆ 1930ರಲ್ಲಿ ಉತ್ತರ ಇರಲಿಲ್ಲ, ಇಂದಿಗೂ ಇಲ್ಲ.

ಗೊತ್ತಿರುವುದು ಇಷ್ಟು. ಗೆಳೆಯನನ್ನು ಕಳೆದುಕೊಂಡ ಆ ಯುವಕ, ಗೆಳೆಯ ಮಾಡಬೇಕಾಗಿದ್ದ ಕೆಲಸವನ್ನು ಕೈಗೆತ್ತಿಕೊಂಡ. ಊರೂರಿಗೆ ಹೋಗಿ ಭಕ್ತರಿಂದ ಧಾನ್ಯ ಸಂಗ್ರಹಿಸಿ ತಂದು ಮಕ್ಕಳಿಗೆ ಉಣಿಸಿದ. ಏಕೆ ಹೀಗಾಯಿತು ಎಂಬುದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಯಾವಾಗಲೂ ಇರುತ್ತದೆ: ಈಗ ಯಾರು ಹಸಿದಿದ್ದಾರೆ? ಮೊದಲನೆಯದಕ್ಕೆ ಉತ್ತರ ದೊರೆಯದಿದ್ದರೂ ಎರಡನೆಯದಕ್ಕೆ ದೊರೆಯುತ್ತದೆ. ಸಿದ್ಧಗಂಗೆಯಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಅಷ್ಟು ವರ್ಷ ನಡೆಯಿತು, ಈಗಲೂ ನಡೆಯುತ್ತಿದೆ.

ಹಾಗಾದರೆ ಪ್ರಾರ್ಥನೆ ಏತಕ್ಕೆ? ಮಠದ ಬಯಲಿನಲ್ಲಿ ಬೆಳಗು ಸಂಜೆ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಪ್ರಾರ್ಥಿಸುವ ದೃಶ್ಯ ನೋಡಿದವರಿಗೆ ಮರೆಯುವಂಥದಲ್ಲ. ಶ್ರೀಗಳು ಕಾಯಿಲೆ ಮಲಗಿದ್ದಾಗ ಅವರು ಗುಣವಾಗಲೆಂದು ನಾಡಿನಲ್ಲೆಲ್ಲ ಪ್ರಾರ್ಥನೆಗಳು ನಡೆದವು. 2018ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ದೇವರನ್ನು ನಂಬಿದವರು ವೈದ್ಯರನ್ನು ಬಿಡಬೇಕಾಗಿಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ. ಆದರೂ 'ನಡೆದಾಡುವ ದೇವರು' ಎಂದು ಜನ ಕರೆದ ಆ ದೇಹವೂ ಒಂದು ದಿನ ನಿಂತಿತು. ಪ್ರಾರ್ಥನೆ ಎಂದರೆ ಅಂಗಡಿಗೆ ಕಳಿಸುವ ಸಾಮಾನಿನ ಚೀಟಿ ಎಂದುಕೊಂಡವರಿಗೆ ಅದು ಅಂದು ಸೋತಂತೆ ಕಂಡಿರಬೇಕು. ಶ್ರೀಗಳು ಮಾತ್ರ ಹಾಗೆ ಎಣಿಸಿದಂತೆ ಕಾಣುವುದಿಲ್ಲ. ಎಣಿಸಿದ್ದರೆ, ತಾವು ಹೋದಾಗ ಏನು ಮಾಡಬೇಕೆಂದು ಮೊದಲೇ ಹೇಳುತ್ತಿರಲಿಲ್ಲ. ದೇವರು ತಮ್ಮನ್ನು ಸಾವಿನಿಂದ ಉಳಿಸುತ್ತಾನೆ ಎಂಬುದು ಅವರ ನಂಬಿಕೆಯಾಗಿರಲಿಲ್ಲ. ಸಾವು ಬಂದೇ ಬರುತ್ತದೆ, ಬಂದಾಗಲೂ ಮಕ್ಕಳ ಅನ್ನ ತಪ್ಪಬಾರದು ಎಂಬಷ್ಟು ನೆಮ್ಮದಿಯನ್ನು ಆ ನಂಬಿಕೆ ಅವರಿಗೆ ಕೊಟ್ಟಿತ್ತು.

ಸಾವಿನ ಭಯ ಪಾಪವಲ್ಲ, ಹೇಡಿತನವೂ ಅಲ್ಲ. ಅಜ್ಜಿ ತೀರಿಕೊಂಡ ವಾರದಲ್ಲಿ, "ಅಮ್ಮ, ನೀನೂ ಸಾಯ್ತೀಯಾ?" ಎಂದು ಮಧ್ಯರಾತ್ರಿ ಎದ್ದು ಕೂರುವ ಮಗುವಿಗೆ ಉಪದೇಶ ಬೇಕಿಲ್ಲ. "ಎಲ್ಲರೂ ಒಂದಿನ ಹೋಗ್ತೀವಿ ಪುಟ್ಟ. ಈಗ ನಾನು ನಿನ್ನ ಪಕ್ಕದಲ್ಲೇ ಇದೀನಿ" ಎಂಬ ನಿಜ ಸಾಕು. ಪಕ್ಕದಲ್ಲಿ ಒಂದು ಕೈ ಇರಬೇಕು. ಬೆಳಿಗ್ಗೆ ಎಂದಿನ ಹೊತ್ತಿಗೆ ತಿಂಡಿ, ಎಂದಿನಂತೆ ಶಾಲೆ. ಅಳು ಬಂದರೆ ಅಳಲಿ. ಹುಡುಗರು ಅಳಬಾರದು ಎಂದು ಯಾವ ದೇವರೂ ಹೇಳಿಲ್ಲ. ಪೂಜೆ ಮಾಡಲು ಮನಸ್ಸಿಲ್ಲ ಎಂದರೆ ಕೆಲವು ದಿನ ಬಿಡಲಿ. ದೇವರ ಮೇಲೆ ಸಿಟ್ಟು ಮಾಡಿಕೊಂಡ ಮಗು ದೇವರನ್ನು ಬಿಟ್ಟುಬಿಟ್ಟಿದೆ ಎಂದು ಹೆತ್ತವರು ಗಾಬರಿಯಾಗಬೇಕಾಗಿಲ್ಲ. ಸಿಟ್ಟು ಬರುವುದು ಹತ್ತಿರದವರ ಮೇಲೆಯೇ ಅಲ್ಲವೆ?

ನಮ್ಮ ಹಳ್ಳಿಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ಸಾವಾದ ಮನೆಯಲ್ಲಿ ಅಂದು ಒಲೆ ಉರಿಯದಿದ್ದರೆ ನೆರೆಮನೆಯವರು ಅನ್ನ ಸಾರು ಮಾಡಿ ತರುತ್ತಾರೆ. ತಂದವರು ತತ್ತ್ವ ಹೇಳುವುದಿಲ್ಲ. "ಒಂದು ತುತ್ತು ತಿನ್ನವ್ವ, ಮಕ್ಕಳ ಮುಖ ನೋಡಿ" ಎನ್ನುತ್ತಾರೆ. ಸಹಪಾಠಿಯ ಮನೆಯಲ್ಲಿ ಸಾವಾದಾಗ ಏನು ಮಾತಾಡಬೇಕೆಂದು ತಿಳಿಯದೆ ದೂರ ಉಳಿಯುವ ವಿದ್ಯಾರ್ಥಿಗಳಿಗೆ ಈ ನೆರೆಯವರೇ ಗುರುಗಳು. ಮಾತು ಬೇಕಿಲ್ಲ. ತಪ್ಪಿದ ಪಾಠಗಳ ನೋಟ್ಸ್ ಬರೆದುಕೊಟ್ಟರೆ ಆಯಿತು. ಮಧ್ಯಾಹ್ನ ಅವನ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿದರೆ ಆಯಿತು.

ಆ ಸೋಮವಾರ ಸಿದ್ಧಗಂಗೆಯ ಮಕ್ಕಳು ಊಟ ಮುಗಿಸಿ ಕೈ ತೊಳೆದು ಹೊರಬಂದ ಮೇಲೆ ಸುದ್ದಿ ಕೇಳಿ ಬಿಕ್ಕಿ ಬಿಕ್ಕಿ ಅತ್ತರು. ಮರುದಿನ ಶ್ರೀಗಳ ಕ್ರಿಯಾಸಮಾಧಿ ನಡೆಯಿತು. ನಾಡಿನ ಮೂಲೆಮೂಲೆಗಳಿಂದ ಜನ ಹರಿದುಬಂದರು. ದೂರದಿಂದ ಬಂದವರು ಹಸಿದಿದ್ದರು. ಅಂದೂ ಮಠದಲ್ಲಿ ಒಲೆ ಹೊತ್ತಿತು, ದಾಸೋಹ ನಡೆಯಿತು.