ಬಿ ಇದ್ದರಷ್ಟೇ ಡಿ

ಇಟಲಿಯ ಟ್ಯೂರಿನ್ ನಗರದಲ್ಲಿ ಮಾರಿಯೊ ರಿಜ್ಜೆಟ್ಟೊ ಎಂಬ ತರುಣ ವೈದ್ಯರು ಹೆಪಟೈಟಿಸ್ ಬಿ ರೋಗಿಗಳ ಯಕೃತ್ತಿನ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದರು. ಹೊಳೆಯುವ ಬಣ್ಣ ಬೆರೆಸಿದ ಪ್ರತಿಕಾಯಗಳನ್ನು ಹಾಕಿದಾಗ ಕೆಲವರ ಜೀವಕೋಶಗಳ ನ್ಯೂಕ್ಲಿಯಸ್ ಬೆಳಗಿತು. ಬಿ ವೈರಸ್ಸಿನ ತಿರುಳೇ ಇರಬೇಕೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಆ ಕಣಗಳ ಸುಳಿವೇ ಇಲ್ಲ. 1977ರಲ್ಲಿ ಅವರು ಇದನ್ನು ‘ಡೆಲ್ಟಾ’ ಎಂಬ ಹೆಸರಿನಲ್ಲಿ ಪ್ರಕಟಿಸಿದಾಗಲೂ ಅದು ಬಿ ವೈರಸ್ಸಿನದೇ ಇನ್ನೊಂದು ಭಾಗ ಎಂಬ ಎಣಿಕೆ ಇತ್ತು. ಅಮೆರಿಕದ ವಿಜ್ಞಾನಿಗಳೊಡನೆ ಸೇರಿ ಚಿಂಪಾಂಜಿಗಳ ಮೇಲೆ ಪ್ರಯೋಗ ನಡೆಸಿದ ಮೇಲೆ, 1980ರಲ್ಲಿ, ಅದು ಬೇರೆಯೇ ರೋಗಕಾರಕ ಎಂಬುದು ಖಚಿತವಾಯಿತು.

ಅದೇ ಇಂದಿನ ಹೆಪಟೈಟಿಸ್ ಡಿ. ಮನುಷ್ಯರನ್ನು ಕಾಡುವ ವೈರಸ್‌ಗಳಲ್ಲಿ ಇದಕ್ಕಿಂತ ಚಿಕ್ಕದಿಲ್ಲ. ಕೊರೊನಾ ವೈರಸ್ಸಿನ ಆರ್‌ಎನ್‌ಎ ಸುಮಾರು 30,000 ಅಕ್ಷರಗಳಷ್ಟು ಉದ್ದವಿದ್ದರೆ ಇದರದು ಬರೀ 1,700ರ ಆಸುಪಾಸು. ಹೊರಕವಚ ಕಟ್ಟಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಬಿ ವೈರಸ್ಸಿನ ಅಂಗಿಯನ್ನೇ ತೊಟ್ಟು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಹೋಗುತ್ತದೆ. ಹಾಗಾಗಿ ಬಿ ಇಲ್ಲದವರಿಗೆ ಡಿ ಬರುವುದಿಲ್ಲ.

ಚಿಕ್ಕದೆಂದು ಹಗುರವಾಗಿ ಕಾಣುವಂತಿಲ್ಲ. ಬಿ ಮತ್ತು ಡಿ ಒಟ್ಟಿಗೇ ತಗುಲಿದರೆ ಕಾಮಾಲೆ ಜೋರಾಗಬಹುದು, ಆದರೆ ವಯಸ್ಕರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ಬಿ ಇಟ್ಟುಕೊಂಡವರಿಗೆ ಮೇಲಿಂದ ಡಿ ಬಂದರೆ ಕಥೆಯೇ ಬೇರೆ: ಬಹುಪಾಲು ಮಂದಿಯಲ್ಲಿ ಅದು ಬೇರೂರುತ್ತದೆ. ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಇದ್ದ ಲಿವರ್ ಐದು-ಹತ್ತು ವರ್ಷಗಳಲ್ಲೇ ಗಟ್ಟಿಯಾಗಿ ಸಿರೋಸಿಸ್‌ಗೆ ತಿರುಗಬಹುದು. ಕ್ಯಾನ್ಸರಿನ ಅಪಾಯ ಬಿ ಒಂದೇ ಇದ್ದಾಗಿನದಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು.

ಮಂಗೋಲಿಯಾದಲ್ಲಿ ಇದರ ಪೂರ್ಣ ಹೊಡೆತ ಕಾಣುತ್ತದೆ. ಮೂವತ್ತೈದು ಲಕ್ಷದಷ್ಟು ಜನರಿರುವ ಆ ದೇಶ ಲಿವರ್ ಕ್ಯಾನ್ಸರಿನ ಪ್ರಮಾಣದಲ್ಲಿ ಜಗತ್ತಿಗೇ ಮೊದಲು. 2017ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅಲ್ಲಿನ ವಯಸ್ಕರಲ್ಲಿ ಹತ್ತಕ್ಕೊಬ್ಬರಿಗೆ ಬಿ ಇತ್ತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಡಿ ಕೂಡ ಸಿಕ್ಕಿತು.

ಇಡೀ ಜಗತ್ತಿನ ಲೆಕ್ಕ ಮಾತ್ರ ಒಂದು ನೆಲೆಗೆ ನಿಂತಿಲ್ಲ. ದೀರ್ಘಕಾಲದ ಬಿ ಸೋಂಕಿರುವವರಲ್ಲಿ ಸುಮಾರು ಶೇ 5ರಷ್ಟು, ಅಂದರೆ 1.2 ಕೋಟಿ ಜನ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮುಂದಿಟ್ಟ ಅಂದಾಜು. ಇತರ ಕೆಲವು ಅಧ್ಯಯನಗಳು ಇದರ ನಾಲ್ಕೈದು ಪಟ್ಟು ಹೇಳುತ್ತವೆ. ಅಂತರಕ್ಕೆ ಮುಖ್ಯ ಕಾರಣ ಸರಳ: ಬಿ ರೋಗಿಗಳಲ್ಲಿ ಹೆಚ್ಚಿನವರಿಗೆ ಡಿ ಪರೀಕ್ಷೆಯನ್ನೇ ಮಾಡಿಲ್ಲ. ಇದು ವೈರಸ್ಸಿನ ಜಾಣತನವಲ್ಲ, ವೈದ್ಯಕೀಯ ವ್ಯವಸ್ಥೆಯ ಲೋಪ. ಡಿ ಇರುವ ಸುಳಿವೂ ಸಿಗುತ್ತದೆ: ಡಿ ಬಲಿತಾಗ ಬಿ ತಗ್ಗುವುದುಂಟು. ವರದಿಯಲ್ಲಿ ಬಿ ವೈರಸ್ಸಿನ ಎಣಿಕೆ ತೀರಾ ಕಡಿಮೆ, ಆದರೆ ಲಿವರ್‌ನ ಎಎಲ್‌ಟಿ ಎಂಬ ಕಿಣ್ವ ಏರುತ್ತಲೇ ಇದೆ; ಆಗಲಾದರೂ ವೈದ್ಯರಿಗೆ ಡಿ ನೆನಪಾಗಬೇಕು. ಬಿ ರೋಗಕ್ಕೆ ನುಂಗುವ ಟೆನೊಫೊವಿರ್ ಮಾತ್ರೆ ಡಿಯನ್ನು ಹಿಡಿಯದು.

ಔಷಧಗಳು ಬೆರಳೆಣಿಕೆಯಷ್ಟು. ಇಂಟರ್‌ಫೆರಾನ್ ಚುಚ್ಚುಮದ್ದು ಕೆಲವರಿಗಷ್ಟೇ ಫಲ ಕೊಡುತ್ತದೆ. ವೈರಸ್ ಜೀವಕೋಶದೊಳಗೆ ಹೋಗುವ ಬಾಗಿಲನ್ನೇ ತಡೆಯುವ ಬುಲೆವಿರ್ಟೈಡ್‌ಗೆ ಯುರೋಪಿನಲ್ಲಿ 2020ರಲ್ಲಿ ಷರತ್ತಿನ ಒಪ್ಪಿಗೆ ಸಿಕ್ಕಿತು.

ಡಿಗೆಂದೇ ಲಸಿಕೆ ಇಲ್ಲ. ಬಿ ಸೋಂಕಿಲ್ಲದವರಲ್ಲಿ ಬಿ ಲಸಿಕೆಯೇ ಎರಡನ್ನೂ ತಡೆಯುತ್ತದೆ. 1991ರಲ್ಲಿ ಬಿ ಲಸಿಕೆ ಕಡ್ಡಾಯ ಮಾಡಿದ ಇಟಲಿಯಲ್ಲಿ ಬಿ ರೋಗಿಗಳ ನಡುವೆ ಡಿ ಪ್ರಮಾಣ 1987ರಿಂದ 1997ರ ನಡುವಿನ ಹತ್ತು ವರ್ಷಗಳಲ್ಲಿ ಶೇ 23ರಿಂದ ಶೇ 8ಕ್ಕೆ ಇಳಿಯಿತು. ಭಾರತದಲ್ಲಿ ಬಿ ಲಸಿಕೆ ದೇಶದಾದ್ಯಂತ ಎಲ್ಲ ಮಕ್ಕಳಿಗೂ ಉಚಿತವಾಗಿ ಸಿಗತೊಡಗಿದ್ದು 2011ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ ದೊಡ್ಡ ಪೀಳಿಗೆಯಲ್ಲಿ ಹಲವರಿಗೆ ಆ ರಕ್ಷಣೆ ಇಲ್ಲ. ದೇಶದಲ್ಲಿ ಬಿ ಇರುವವರೇ ಸುಮಾರು 3 ಕೋಟಿ. ನಮ್ಮಲ್ಲಿ ಡಿ ಕಡಿಮೆ ಎಂಬುದು ನಿಜ, ಪರೀಕ್ಷೆ ಬಿಟ್ಟುಬಿಡಲು ಅದು ಕಾರಣವಾಗಬಾರದು. ಬಸುರಿಯ ತಪಾಸಣೆಯಲ್ಲೋ ರಕ್ತದಾನದಲ್ಲೋ ಆಪರೇಷನ್ನಿಗೆ ಮುಂಚೆಯೋ ಬಿ ಸೋಂಕನ್ನು ತೋರಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ ‘ಪಾಸಿಟಿವ್’ ಎಂದು ಬಂದವರು ಆ ಚೀಟಿಯನ್ನು ಬೀರುವಿನಲ್ಲಿಟ್ಟು ಸುಮ್ಮನಾಗಬಾರದು. ಒಮ್ಮೆಯಾದರೂ ಡಿ ಪ್ರತಿಕಾಯದ ಪರೀಕ್ಷೆ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ, ಮನೆಮಂದಿಯ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಿ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್ ಬಿದ್ದಿದೆಯೇ ಎಂದು ಹೆರಿಗೆ ವಾರ್ಡಿನಲ್ಲೇ ವಿಚಾರಿಸಿ.